ಹಟ್ಟಿಯ ಚಿನ್ನ, ನಮ್ಮ ಕಾಫಿ: ಹೊರನಾಡಿನ ಬಂಡವಾಳವನ್ನು ಅಳೆಯುವುದು ಹೇಗೆ?



ಎರಡು ತಿಂಗಳಿಂದ ಸಂಘದ ಕಚೇರಿಯ ಮೆಟ್ಟಿಲು ಹತ್ತಿದ ಸದಸ್ಯರಲ್ಲಿ ಹೆಚ್ಚಿನವರು ಕೇಳಿದ ಪ್ರಶ್ನೆ ಒಂದೇ: "ಕಾರ್ಯದರ್ಶಿಗಳೇ, ಆ ಕರಾರಿಗೆ ಸಹಿ ಹಾಕಬಹುದೇ?" ಹೊರದೇಶದ ಒಂದು ಕಾಫಿ ವ್ಯಾಪಾರ ಸಂಸ್ಥೆಯ ಪರವಾಗಿ ಬಂದ ಏಜೆಂಟರು ನಮ್ಮ ಸಣ್ಣ ಬೆಳೆಗಾರರ ಮುಂದೆ ಇಟ್ಟಿರುವ ಕರಡು ಕರಾರು ಅದು. ಅದರ ಸಾರಾಂಶ ಇಷ್ಟು. ಹತ್ತು ವರ್ಷಗಳ ಕಾಲ ನಮ್ಮ ಕಾಫಿಯನ್ನೆಲ್ಲ ಅವರಿಗೇ ಕೊಡಬೇಕು. ಕಣ ಕಟ್ಟಿಸಲು, ಪಲ್ಪರ್ ಕೊಳ್ಳಲು ಅವರು ಮುಂಗಡ ಕೊಡುತ್ತಾರೆ. ಬೆಲೆಯನ್ನು ಲಂಡನ್ ಮಾರುಕಟ್ಟೆಯ ದರದ ಮೇಲೆ ಕಟ್ಟುತ್ತಾರೆ. ತೂಕ ಮತ್ತು ಗುಣದ ನಿರ್ಣಯ ಅವರ ಕೇಂದ್ರದ್ದೇ ಅಂತಿಮ. ಮುಂದಿನ ತಿಂಗಳ ಎರಡನೇ ಭಾನುವಾರ ನಡೆಯುವ ಸಾಮಾನ್ಯ ಸಭೆಯಲ್ಲಿ ಈ ವಿಷಯ ತೀರ್ಮಾನವಾಗಬೇಕಾಗಿದೆ.

ಸಹಿ ಹಾಕಿ ಎಂದಾಗಲಿ, ಬೇಡ ಎಂದಾಗಲಿ ನಾನು ಈ ಪುಟದಲ್ಲಿ ಹೇಳುವುದಿಲ್ಲ. ಅದು ಸಭೆಯ ಹಕ್ಕು. ಆದರೆ ತಕ್ಕಡಿಯಿಲ್ಲದೆ ತೂಗಲು ಹೊರಟರೆ ಕೈಯ ಅಂದಾಜೇ ಗತಿ. ಆದುದರಿಂದ ಈ ತಿಂಗಳ ಅಧ್ಯಯನ ಪಾಠವನ್ನು ಹೊರನಾಡಿನ ಬಂಡವಾಳ ಎಂಬ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಅದು ರಾಯಚೂರು ಜಿಲ್ಲೆಯಲ್ಲಿಯೇ ಇದೆ.

ಪ್ರಯಾಣದ ಕಾರಣ

ಪ್ರತಿ ವರ್ಷ ಹಣ್ಣು ಕೊಯ್ಲಿಗೆ ನಮ್ಮ ತೋಟಕ್ಕೆ ಬರುವ ಆಳುಗಳಲ್ಲಿ ಒಂದು ಗುಂಪು ಮಸ್ಕಿ ಕಡೆಯದು. ಆ ಗುಂಪಿನ ಮೇಸ್ತ್ರಿಯ ಮಗಳ ಮದುವೆಗೆ ಕರೆ ಬಂದಿತ್ತು. ಹದಿನೈದು ವರ್ಷ ನಮ್ಮ ಕಾಫಿ ಕೊಯ್ದವರ ಮನೆಯ ಮದುವೆಗೆ ಹೋಗದೆ ಇರುವುದು ಸರಿಯಲ್ಲವೆಂದು ಹೊರಟೆ. ಹೊಸಪೇಟೆ ದಾಟಿ ಗಂಗಾವತಿ, ಕಾರಟಗಿ, ಅಲ್ಲಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರು. ಮಲೆನಾಡಿನ ಕಣ್ಣಿಗೆ ಅದು ಬೇರೆಯೇ ಲೋಕ. ಸಿಂಧನೂರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತ. ಮಸ್ಕಿ ದಾಟಿದರೆ ಎರೆಭೂಮಿ, ಹತ್ತಿ, ತೊಗರಿ. ಲಿಂಗಸುಗೂರಿನಿಂದ ಆಚೆಗೆ ಕಲ್ಲುನೆಲ, ಅದರ ನಡುವೆ ಹಟ್ಟಿ ಚಿನ್ನದ ಗಣಿಯ ಗೋಪುರ. ಒಂದು ದಿನದ ದಾರಿಯಲ್ಲಿ ಹೊರನಾಡಿನ ವ್ಯವಹಾರದ ಮೂರು ಮುಖಗಳನ್ನು ಕಂಡ ಹಾಗಾಯಿತು.

ಮೊದಲು ಅರ್ಥ ತಿಳಿಯೋಣ

ಹೊರಗಿನ ಹಣ ನಮ್ಮ ನೆಲಕ್ಕೆ ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ತೋಟದ ಭಾಷೆಯಲ್ಲಿಯೇ ಹೇಳುವುದಾದರೆ:

1. ಸಾಲ. ಪತ್ತಿನ ಸಂಘದಿಂದ ಬೆಳೆ ಸಾಲ ಪಡೆದಂತೆ. ಬಡ್ಡಿ ಕಟ್ಟಿ ಅಸಲು ತೀರಿಸಿದರೆ ಸಂಬಂಧ ಮುಗಿಯಿತು. ಮಳೆ ಕೈಕೊಟ್ಟ ವರ್ಷವೂ ಬಡ್ಡಿ ಮಾತ್ರ ತಪ್ಪದು.

2. ನೇರ ಬಂಡವಾಳ. ಹೊರಗಿನವನು ತೋಟದಲ್ಲಿ ಪಾಲುಗಾರನಾಗಿ ಬಂದು ಆಡಳಿತದಲ್ಲಿಯೂ ಕೈಹಾಕಿದಂತೆ. ಲಾಭ ಬಂದರೆ ಅವನಿಗೂ ಪಾಲು, ನಷ್ಟವಾದರೆ ಅವನಿಗೂ ಪಾಲು. ಆದರೆ ಈ ಪಾಲಿಗೆ ಕೊನೆಯ ದಿನವಿಲ್ಲ.

3. ಷೇರುಪೇಟೆಯ ಹಣ. ಇದು ಆಡಳಿತದ ಗೊಡವೆಗೆ ಬಾರದೆ ಕೇವಲ ಷೇರು ಕೊಂಡು, ದರ ಏರಿದಾಗ ಮಾರಿ ಹೋಗುವ ಹಣ. ಜಡಿಮಳೆಯಂತೆ ಬರುತ್ತದೆ, ಹಾಗೆಯೇ ಹರಿದುಹೋಗುತ್ತದೆ.

4. ಕರಾರು. ಜಮೀನು ನಮ್ಮದೇ, ಕೆಲಸ ನಮ್ಮದೇ. ಆದರೆ ಬೀಜ, ತಂತ್ರಜ್ಞಾನ ಅಥವಾ ಮಾರುಕಟ್ಟೆ ಅವರದು. ಅದಕ್ಕೆ ಪ್ರತಿಯಾಗಿ ರಾಜಧನವನ್ನೋ ಬೆಳೆಯ ಮೇಲಿನ ಹಕ್ಕನ್ನೋ ಕೊಡುತ್ತೇವೆ. ನಮ್ಮ ಮುಂದಿರುವುದು ಈ ನಾಲ್ಕನೆಯದು.

ಇವುಗಳಲ್ಲಿ ಯಾವುದೂ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅಡಿಕೆ ತೋಟವನ್ನು ಚೇಣಿಗೆ ಕೊಟ್ಟು ನೆಮ್ಮದಿಯಾಗಿದ್ದವರನ್ನು ನಾವು ಕಂಡಿದ್ದೇವೆ. ಚೇಣಿದಾರನ ಕೈಗೆ ಕೊಟ್ಟು ಮೂರೇ ವರ್ಷದಲ್ಲಿ ತೋಟ ಸೊರಗಿದ್ದನ್ನೂ ಕಂಡಿದ್ದೇವೆ. ವ್ಯತ್ಯಾಸವಿದ್ದದ್ದು ಚೇಣಿ ಎಂಬ ಪದ್ಧತಿಯಲ್ಲಲ್ಲ, ಚೇಣಿಯ ಷರತ್ತುಗಳಲ್ಲಿ.

ಹಟ್ಟಿ: ದೊಡ್ಡದೊಂದು ಚೇಣಿಯ ಕಥೆ

ಹಟ್ಟಿಯ ನೆಲದಲ್ಲಿ ಚಿನ್ನ ತೆಗೆಯುವುದನ್ನು ಬ್ರಿಟಿಷರು ಕಲಿಸಲಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ಬಂಡೆಯ ಬುಡದಲ್ಲಿ ಬೆಂಕಿ ಹಾಕಿ, ಕಾದ ಕಲ್ಲು ಸೀಳಿದಾಗ ಅಗೆದು, ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲನಿರ್ಣಯದಿಂದ ಇದು ತಿಳಿದುಬಂದಿದೆ. ಅಂದರೆ ಕೆಲಸದ ಅರಿವು ಇಲ್ಲಿಯೇ ಇತ್ತು. ಆಳಕ್ಕಿಳಿದಂತೆ ಊರುವ ನೀರನ್ನು ಎತ್ತುವ ಯಂತ್ರವೂ ಅದನ್ನು ಕೊಳ್ಳುವ ಹಣವೂ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. 1886ರಲ್ಲಿ ನಿಜಾಮರ ಸರ್ಕಾರ ತನ್ನ ಸಂಸ್ಥಾನದ ಖನಿಜಗಳನ್ನು ಹುಡುಕಿ ತೆಗೆಯುವ ಹಕ್ಕನ್ನು ವಾಟ್ಸನ್ ಮತ್ತು ಸ್ಟೀವರ್ಟ್ ಎಂಬ ಇಬ್ಬರು ಇಂಗ್ಲಿಷರಿಗೆ ಕೊಟ್ಟಿತು. ಗಣಿ ಗುತ್ತಿಗೆಯ ಅವಧಿ 99 ವರ್ಷ. ಆ ಹಕ್ಕನ್ನು ನಡೆಸಲು ಲಂಡನ್ನಿನಲ್ಲಿ ಹೈದರಾಬಾದ್ (ಡೆಕ್ಕನ್) ಕಂಪನಿ ಹುಟ್ಟಿತು. ಅದರ ಬಂಡವಾಳ ಕಾಗದದ ಮೇಲೆ ಹತ್ತು ಲಕ್ಷ ಪೌಂಡು. ತಲಾ ಹತ್ತು ಪೌಂಡಿನ ಒಂದು ಲಕ್ಷ ಷೇರುಗಳು.

ಇಲ್ಲಿ ಸದಸ್ಯರು ಸ್ವಲ್ಪ ನಿಂತು ಲೆಕ್ಕ ನೋಡಬೇಕು. ಆ ಒಂದು ಲಕ್ಷ ಷೇರುಗಳಲ್ಲಿ 85,000 ಷೇರುಗಳನ್ನು ಹಕ್ಕು ಪಡೆದವರಿಗೆ ಹಣ ಪೂರ್ತಿ ಸಂದಾಯವಾದ ಷೇರುಗಳೆಂದೇ ಬರೆದುಕೊಡಲಾಯಿತು. ಅವರು ತಂದದ್ದು ನಿಜಾಮರು ಕೊಟ್ಟ ಹಕ್ಕುಪತ್ರವನ್ನು. ಅದೇ ಅವರ ಬಂಡವಾಳ. ನಗದು ಹಣಕ್ಕಾಗಿ ಉಳಿದದ್ದು 15,000 ಷೇರು ಮಾತ್ರ. ಹೊರಗೆ ನೋಡುವವನಿಗೆ ಹತ್ತು ಲಕ್ಷ ಪೌಂಡಿನ ಕಂಪನಿ; ಒಳಗೆ ಕೈಹಾಕಿದರೆ ಅಗೆಯಲು ಇದ್ದ ಹಣ ಅದರ ಒಂದು ಸಣ್ಣ ಭಾಗ. ನಮ್ಮದೇ ತೋಟದ ಪಹಣಿಯನ್ನು ತೋರಿಸಿ, ಅದರ ಬೆಲೆಯನ್ನು ತಾವೇ ಕಟ್ಟಿ, ತಾವೇ ದೊಡ್ಡ ಪಾಲುಗಾರರಾದ ಹಾಗೆ!

ಕಥೆ ಅಲ್ಲಿಗೇ ಮುಗಿಯಲಿಲ್ಲ. ನಿಜಾಮರ ಪರವಾಗಿ ಈ ವ್ಯವಹಾರ ನಡೆಸಿದ ಅಧಿಕಾರಿ ಸರ್ದಾರ್ ಅಬ್ದುಲ್ ಹಕ್, ತನ್ನ ಕೈಗೆ ಬಂದಿದ್ದ ಷೇರುಗಳನ್ನು ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ನಿಜಾಮರ ಸರ್ಕಾರಕ್ಕೇ ಮಾರಿದ್ದು ಬಯಲಾಯಿತು. 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಇದರ ವಿಚಾರಣೆ ನಡೆಸಿತು. ತನ್ನ ನೆಲದ ಖನಿಜದ ಹಕ್ಕನ್ನು ಕೊಟ್ಟ ಸರ್ಕಾರ, ಆ ಹಕ್ಕಿನ ಮೇಲೆ ಕಟ್ಟಿದ ಕಂಪನಿಯ ಷೇರನ್ನು ಬೊಕ್ಕಸದ ಹಣ ಕೊಟ್ಟು ಕೊಂಡ ವಿಚಿತ್ರ ಇದು. ಇದರಿಂದ ಕಲಿಯತಕ್ಕ ಮೊದಲ ಪಾಠ: ಬರುತ್ತಿರುವ ಹಣವೆಷ್ಟು, ಬರೆದುಕೊಂಡ ಹಣವೆಷ್ಟು ಎಂದು ಬೇರೆ ಬೇರೆ ಕೇಳಬೇಕು. ಎರಡನೆಯ ಪಾಠ: ನಮ್ಮ ಪರವಾಗಿ ಮಾತನಾಡುವವನಿಗೆ ಆ ಕಡೆಯಿಂದ ಏನಾದರೂ ಸಲ್ಲುತ್ತದೆಯೇ ಎಂದು ಕೇಳಬೇಕು.

ಆ ಕಂಪನಿ ಏನೂ ಮಾಡಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಈಗ ತೆಲಂಗಾಣಕ್ಕೆ ಸೇರಿದ ಸಿಂಗರೇಣಿಯ ಕಲ್ಲಿದ್ದಲು ಗಣಿಗಳನ್ನು ತೆರೆದದ್ದು ಅದೇ. ರಾಯಚೂರು ದೋಆಬಿನ ಚಿನ್ನದ ಪಟ್ಟಿಯನ್ನು ಆಧುನಿಕ ರೀತಿಯಲ್ಲಿ ಅಗೆಸಿದ್ದೂ ಅದರ ಕಾಲದಲ್ಲಿಯೇ. ಹಟ್ಟಿಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳು ಬ್ರಿಟಿಷ್ ಬಂಡವಾಳದ ಗಣಿ ನಡೆಯಿತು. 1920ರ ಹೊತ್ತಿಗೆ ಕೆಲಸ ನಿಂತಿತು. ಕಂಪನಿಗೆ ಲಾಭವಿಲ್ಲವೆಂದು ಕಂಡಾಗ ಅದು ಬಾಗಿಲು ಹಾಕಿತು. ಆದರೆ ಊರು ಬಾಗಿಲು ಹಾಕಿಕೊಂಡು ಎಲ್ಲಿಗೆ ಹೋದೀತು? ಹಲವು ವರ್ಷ ಗಣಿಯ ಬಾಯಿ ಹಾಗೆಯೇ ಬಿದ್ದಿತ್ತು. 1937ರಲ್ಲಿ ನಿಜಾಮರ ಸರ್ಕಾರ ಮತ್ತೆ ಶೋಧನೆ ಆರಂಭಿಸಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ನಮ್ಮ ರಾಜ್ಯಕ್ಕೆ ಸೇರಿದ ಮೇಲೆ ಅದೇ ಹಟ್ಟಿ ಚಿನ್ನದ ಗಣಿ ಕಂಪನಿಯಾಗಿ ಇಂದಿಗೂ ರಾಜ್ಯ ಸರ್ಕಾರದ ಉದ್ಯಮವಾಗಿ ನಡೆಯುತ್ತಿದೆ. ಲಂಡನ್ನಿನ ಲೆಕ್ಕಕ್ಕೆ ಮುಗಿದಿದ್ದ ಗಣಿ ಇಂದು ದೇಶದ ಗಣಿಗಳಿಂದ ನೇರವಾಗಿ ದೊರೆಯುವ ಚಿನ್ನದ ಬಹುಪಾಲನ್ನು ಕೊಡುತ್ತಿದೆ. ಮೂರನೆಯ ಪಾಠ: ಬಂದವನು ಹೋಗುತ್ತಾನೆ, ಹೋದ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಬಂದ ದಿನವೇ ಬರೆಸಿಕೊಳ್ಳಬೇಕು.

ಮೈಸೂರು ಮಾಡಿದ್ದು ಬೇರೆ

ಇದೇ ಕಾಲದಲ್ಲಿ ಕೋಲಾರದ ಗಣಿಗಳೂ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ ಸಂಸ್ಥೆಯ ಆಡಳಿತದಲ್ಲಿದ್ದವು. ಅಲ್ಲಿಯೂ ಲಾಭಾಂಶ ಹಡಗು ಹತ್ತಿತು. ಆದರೆ ಮೈಸೂರು ಸರ್ಕಾರ ತೆಗೆದ ಚಿನ್ನದ ಬೆಲೆಯ ಮೇಲೆ ನೂರಕ್ಕೆ ಐದರಂತೆ ರಾಜಧನ ವಸೂಲು ಮಾಡುತ್ತಿತ್ತು. ಲಾಭದ ಮೇಲಲ್ಲ, ಚಿನ್ನದ ಮೇಲೆ ಎಂಬುದನ್ನು ಗಮನಿಸಿರಿ. ಲಾಭವನ್ನು ಲೆಕ್ಕದ ಪುಸ್ತಕದಲ್ಲಿ ಕಡಿಮೆ ಮಾಡಬಹುದು. ತಕ್ಕಡಿಯ ಮೇಲಿರುವ ಚಿನ್ನವನ್ನು ಹಾಗೆ ಕರಗಿಸುವುದು ಕಷ್ಟ.

ಇನ್ನೂ ಮುಖ್ಯವಾದದ್ದು ವಿದ್ಯುತ್ತಿನ ವಿಷಯ. ಗಣಿಗಳಿಗೆ ಶಕ್ತಿ ಬೇಕಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸರ್ಕಾರ ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರದ ಯೋಜನೆ ಹಾಕಿತು. ಯಂತ್ರಗಳು ಬಂದದ್ದು ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನ ಕಂಪನಿಗಳಿಂದ. ಆದರೆ ಕೇಂದ್ರದ ಒಡೆತನ ಸರ್ಕಾರದ್ದೇ. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರಕ್ಕೆ ವಿದ್ಯುತ್ ಹರಿಯಿತು. ಗಣಿ ಕಂಪನಿಗಳು ಅದಕ್ಕೆ ದುಡ್ಡು ತೆತ್ತವು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರ ಉಳಿಯಿತು.

ತಂತ್ರಜ್ಞಾನವನ್ನು ಬೆಲೆ ಕೊಟ್ಟು ಕೊಳ್ಳುವುದು ಬೇರೆ. ತಂತ್ರಜ್ಞಾನದ ಹೆಸರಿನಲ್ಲಿ ಒಡೆತನವನ್ನೇ ಬಿಟ್ಟುಕೊಡುವುದು ಬೇರೆ. ಒಂದೇ ಕಾಲ, ಒಂದೇ ಲಂಡನ್, ಒಂದೇ ಚಿನ್ನ. ಎರಡು ಸಂಸ್ಥಾನಗಳಿಗೆ ಸಿಕ್ಕ ಫಲ ಮಾತ್ರ ಬೇರೆ ಬೇರೆ.

ಮಸ್ಕಿ: ಅಳೆಯಲು ಬಂದವನು ಕಂಡ ಕಲ್ಲು

ಮದುವೆಯ ಮರುದಿನ ಮೇಸ್ತ್ರಿಯ ಅಣ್ಣನವರು ನನ್ನನ್ನು ಮಸ್ಕಿಯ ಅಶೋಕನ ಶಾಸನದ ಬಂಡೆಗೆ ಕರೆದೊಯ್ದರು. ಈ ಶಾಸನವನ್ನು 1915ರಲ್ಲಿ ಮೊದಲು ಗುರುತಿಸಿದವನು ವಿದ್ವಾಂಸನಲ್ಲ. ಚಿನ್ನದ ನೆಲ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಅರಸನ ಹೆಸರು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಿರುತ್ತಿತ್ತು. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿತು. ದೇವಾನಾಂಪ್ರಿಯನೇ ಅಶೋಕ ಎಂಬುದು ಕಲ್ಲಿನಲ್ಲಿಯೇ ಸ್ಥಿರವಾಯಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಬಂಡವಾಳದ ಜೊತೆಗೆ ಅಳತೆ, ನಕ್ಷೆ, ಅರಿವು ಬರುತ್ತವೆ. ಅವು ಕಂಪನಿಯ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ, ಆದರೆ ಕೆಲವೊಮ್ಮೆ ಚಿನ್ನಕ್ಕಿಂತ ಬೆಲೆಬಾಳುತ್ತವೆ. ಕಲ್ಲು ಮಸ್ಕಿಯಲ್ಲಿಯೇ ಉಳಿಯಿತು, ಆದ್ದರಿಂದ ಅರಿವೂ ಉಳಿಯಿತು.

ಇದು ನಮಗೇಕೆ ಎಂದರೆ, ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ಕಾನೂನಿನ ಪ್ರಕಾರ, ಅಲ್ಲಿಗೆ ಹೋಗುವ ಕಾಫಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾಗಿರಬಾರದು. ಬೆಳೆದ ಜಮೀನಿನ ಸ್ಥಾನವನ್ನು ಉಪಗ್ರಹದ ಲೆಕ್ಕದಲ್ಲಿ ತೋರಿಸಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಾರಿ ಮುಂದೆ ಹೋಗಿದೆ, ಆದರೆ ಕಾನೂನು ಹೋಗಿಲ್ಲ. ನಮಗೆ ಬಂದಿರುವ ಕರಡಿನಲ್ಲಿ "ತೋಟದ ಅಳತೆಯ ಮಾಹಿತಿ ಖರೀದಿದಾರರ ಸ್ವತ್ತು" ಎಂಬ ಒಂದು ಸಾಲಿದೆ. ನಮ್ಮ ತೋಟದ ನಕ್ಷೆ ಅವರ ಸ್ವತ್ತಾದರೆ, ನಾಳೆ ಇನ್ನೊಬ್ಬರಿಗೆ ಮಾರಲು ಹೊರಟಾಗ ನಾವು ನಮ್ಮದೇ ನಕ್ಷೆಯನ್ನು ಕೇಳಿ ಪಡೆಯಬೇಕಾಗುತ್ತದೆ. ಅಳೆಯಲಿ, ಸಂತೋಷ, ಆದರೆ ಪ್ರತಿ ನಮ್ಮಲ್ಲಿರಲಿ, ಹಕ್ಕೂ ನಮ್ಮಲ್ಲಿರಲಿ. ಇದು ನಾಲ್ಕನೆಯ ಪಾಠ.

ಹತ್ತಿಯ ಪೊಟ್ಟಣ, ಸಿಂಧನೂರಿನ ಭತ್ತ

ಮೇಸ್ತ್ರಿಯ ಅಣ್ಣ ಹತ್ತಿ ಬೆಳೆಯುವವರು. ಹೊಲದ ಬದುವಿನಲ್ಲಿ ಕುಳಿತು ಅವರು ಕೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ: "ಈ ಬೀಜದ ಪಾಕೀಟಿನ ರೊಕ್ಕದಾಗ ಬೀಜಕ್ಕ ಎಷ್ಟು, ಹೊರದೇಶದವ್ರಿಗೆ ಎಷ್ಟು ಅಂತ ಯಾರರ ಬರ್ದಿರ್ತಾರೇನ್ರಿ ಸಾಹುಕಾರ್ರ?"

ಬರೆದಿರಲಿಲ್ಲ. ಬಿ.ಟಿ. ಹತ್ತಿಗೆ ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಅಮೆರಿಕದ ಮಾನ್ಸಾಂಟೊ ಮತ್ತು ನಮ್ಮ ದೇಶದ ಮಹೈಕೋ ಜಂಟಿಯಾಗಿ ಕಟ್ಟಿದ ಸಂಸ್ಥೆ ಆ ಗುಣವನ್ನು ಬೀಜ ಕಂಪನಿಗಳಿಗೆ ಕೊಟ್ಟು ಶುಲ್ಕ ಪಡೆಯುತ್ತಿತ್ತು. ಮೊದಲ ವರ್ಷಗಳಲ್ಲಿ 450 ಗ್ರಾಮಿನ ಪೊಟ್ಟಣಕ್ಕೆ 1,600 ರೂಪಾಯಿಗೂ ಮೇಲೆ ಬೆಲೆಯಿತ್ತು. ಅದರಲ್ಲಿ ದೊಡ್ಡ ಭಾಗ ಆ ಶುಲ್ಕವೇ. 2006ರಲ್ಲಿ ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ನಿಯಂತ್ರಣ ಆಯೋಗದ ಮುಂದೆ ಹೋದ ಮೇಲೆ ಬೆಲೆ 750 ರೂಪಾಯಿಗೆ ಇಳಿಯಿತು. 2016ರಲ್ಲಿ ಕೇಂದ್ರ ಸರ್ಕಾರ ಬೆಲೆ ನಿಗದಿಮಾಡಿ ಶುಲ್ಕವನ್ನು 49 ರೂಪಾಯಿಗೆ ತಂದಿತು; 2020ರಲ್ಲಿ ಶುಲ್ಕವೇ ಇಲ್ಲವಾಯಿತು. ಆ ಬೀಜದಿಂದ ಆರಂಭದಲ್ಲಿ ಕಾಯಿಕೊರಕದ ಕಾಟ ಇಳಿದದ್ದು ನಿಜ. ಮುಂದೆ ಗುಲಾಬಿ ಕಾಯಿಕೊರಕ ಅದಕ್ಕೆ ಬಗ್ಗದೆ ಬೆಳೆದದ್ದೂ ನಿಜ. ಹುಳು ಗೆದ್ದ ಮೇಲೆಯೂ ಹಳೆಯ ದರದಲ್ಲಿಯೇ ಶುಲ್ಕ ಕೊಡಬೇಕೇ ಎಂಬುದು ಅಲ್ಲಿನ ರೈತರ ಪ್ರಶ್ನೆಯಾಗಿತ್ತು. ಒಬ್ಬೊಬ್ಬ ರೈತ ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಸರ್ಕಾರ ಕೇಳಿದಾಗ ಸಿಕ್ಕಿತು. ಐದನೆಯ ಪಾಠ: ದೊಡ್ಡವರೊಡನೆ ಬೆಲೆ ಮಾತನಾಡಲು ನಾವೂ ಒಟ್ಟಾಗಿ ದೊಡ್ಡವರಾಗಬೇಕು.

ಇನ್ನು ಸಿಂಧನೂರು. ಅಲ್ಲಿನ ಸಿರಿಗೆ ಕಾರಣ ಹೊರನಾಡಿನ ಹಣವಲ್ಲ, ತುಂಗಭದ್ರಾ ಎಡದಂಡೆ ಕಾಲುವೆ. ಸರ್ಕಾರದ ಹಣದಲ್ಲಿ ಕಟ್ಟಿದ ಅಣೆಕಟ್ಟು ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ಅಲ್ಲಲ್ಲಿ ಕ್ಯಾಂಪುಗಳನ್ನು ಮಾಡಿಕೊಂಡು ಭತ್ತ ಬೆಳೆದರು, ಸ್ಥಳೀಯರೂ ಬೆಳೆದರು. ಆದರೆ ಬೆಳೆದ ಅಕ್ಕಿಯ ದರ ಇಂದು ದೂರದ ಬಂದರಿಗೆ ಅಂಟಿಕೊಂಡಿದೆ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. 2024ರ ಸೆಪ್ಟೆಂಬರ್ 28ರಂದು ಮತ್ತೆ ತೆರೆಯಿತು. ದೇಶದ ಒಳಗೆ ಅಕ್ಕಿ ಬೆಲೆ ಏರಬಾರದೆಂಬ ಉದ್ದೇಶ ಅದಕ್ಕಿತ್ತು. ತಪ್ಪೋ ಸರಿಯೋ, ಬೆಳೆಗಾರನ ಕೈಯಲ್ಲಿಲ್ಲದ ಒಂದು ಆದೇಶದಿಂದ ಹೊರಗಿನ ಮಾರುಕಟ್ಟೆಯ ಬಾಗಿಲು ಹದಿನಾಲ್ಕು ತಿಂಗಳು ಮುಚ್ಚಿತ್ತು. ಹತ್ತು ವರ್ಷದ ಕರಾರಿನಲ್ಲಿ ಇಂಥ ಆದೇಶ ಬಂದರೆ ನಷ್ಟ ಯಾರದು ಎಂದು ಬರೆದಿರಬೇಕು. ಬರೆಯದಿದ್ದರೆ ಅದು ಬಡವನ ತಲೆಗೇ ಬರುತ್ತದೆ. ಇದು ಆರನೆಯ ಪಾಠ.

ಈಗ ನಮ್ಮ ತೋಟಕ್ಕೆ ಬರೋಣ

ಕಾಫಿ ಎಂಬುದೇ ಮೊದಲಿನಿಂದ ಹೊರನಾಡಿನ ವ್ಯಾಪಾರದ ಬೆಳೆ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ಹೊರಗೆ ಹೋಗುತ್ತದೆ. ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ, ರೋಬಸ್ಟಾದ ದರ ಲಂಡನ್ನಿನಲ್ಲಿ ನಿಲ್ಲುತ್ತದೆ. ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಈ ಗಾಳಿ ನಮ್ಮ ಮುಖಕ್ಕೆ ನೇರವಾಗಿ ಬಡಿಯುತ್ತಿರಲಿಲ್ಲ. ಹಣ ತಡವಾಗಿ ಬರುತ್ತಿತ್ತೆಂಬ ದೂರು ಮಾತ್ರ ಇತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು; 1996ರ ಹೊತ್ತಿಗೆ ನಮ್ಮಲ್ಲಿಯೂ ಪೂಲ್ ಮುಗಿಯಿತು. 2015ರ ನವೆಂಬರಿನಿಂದ ಕಾಫಿ ತೋಟಗಳಲ್ಲಿ ನೂರಕ್ಕೆ ನೂರು ವಿದೇಶಿ ನೇರ ಬಂಡವಾಳಕ್ಕೆ ಅವಕಾಶವಿದೆ. ಅಂದರೆ ಬಾಗಿಲು ತೆರೆದಾಗಿದೆ. ಒಳಗೆ ಬರುವವರೊಡನೆ ಹೇಗೆ ಮಾತನಾಡಬೇಕೆಂಬುದೇ ಪ್ರಶ್ನೆ.

ಅಡಿಕೆಯವರಿಗೆ ಈ ಪಾಠ ಹೊಸದಲ್ಲ. ಬೆಲೆ ಕುಸಿದ ದಿನಗಳಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ ಕ್ಯಾಂಪ್ಕೊ ಹುಟ್ಟಿತು. ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯಿರೆಂದು ಪ್ರೋತ್ಸಾಹ ಸಿಕ್ಕಿ ಬೆಳೆದವರಿಗೆ, ಜಗತ್ತಿನ ದರ ಬಿದ್ದಾಗ ಕೊಳ್ಳುವವರೇ ಇಲ್ಲದಾಯಿತು. ಆಗಲೂ ಕ್ಯಾಂಪ್ಕೊ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆಗಾರನ ಬಂಡವಾಳವೂ ಬಂಡವಾಳವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕರಡಿನ ಬೆಲೆಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಉದಾಹರಣೆಗೆ ಲಂಡನ್ ದರ ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಟನ್ನಿಗೆ 3,40,000 ರೂಪಾಯಿ, ಕಿಲೋಗೆ 340. ಡಾಲರ್ 86 ಆದರೆ ಕಿಲೋಗೆ 344. ಆದುದರಿಂದ ಯಾವ ದಿನದ ಲಂಡನ್ ದರ, ಯಾವ ದಿನದ ಡಾಲರ್ ದರ ಎಂದು ಬರೆಯದೆ "ಲಂಡನ್ ದರಕ್ಕೆ ಅನುಗುಣವಾಗಿ" ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಆ ದಿನವನ್ನು ಆಯ್ಕೆ ಮಾಡುವ ಹಕ್ಕು ಯಾರದು? ಕರಡಿನಲ್ಲಿ ಅದು ಖರೀದಿದಾರರದು.

ನಾನೇ ಮಾಡಿದ ತಪ್ಪು

ಈ ಪಾಠ ಬರೆಯುವ ಅರ್ಹತೆ ನನಗೆ ಓದಿನಿಂದ ಬಂದದ್ದಲ್ಲ, ಪೆಟ್ಟಿನಿಂದ ಬಂದದ್ದು. ಕಾರ್ಯದರ್ಶಿಯಾಗುವ ಮೊದಲು ನಾನು ಒಬ್ಬನೇ ಹೋಗಿ ಒಂದು ಖರೀದಿ ಸಂಸ್ಥೆಯೊಡನೆ ಕರಾರು ಮಾಡಿಕೊಂಡೆ. ಪದವಿ ಓದಿದವನು, ಇಂಗ್ಲಿಷ್ ಬರುತ್ತದೆ, ಯಾರನ್ನು ಕೇಳುವುದು ಎಂಬ ಹಮ್ಮು. ನೂರು ಮೂಟೆ ರೋಬಸ್ಟಾ ಚೆರಿ ಸಾಗಿಸಿದೆ. ಐವತ್ತು ಕಿಲೋ ಮೂಟೆಗೆ 26 ಒ.ಟಿ. ಬರುತ್ತದೆಂದು ನನ್ನ ಅಂದಾಜು. ಅವರ ಕೇಂದ್ರ 24 ಎಂದು ಬರೆಯಿತು. ಮೂಟೆಗೆ ಎರಡು ಕಿಲೋ, ನೂರು ಮೂಟೆಗೆ 200 ಕಿಲೋ ಬೇಳೆ ಕಾಗದದ ಮೇಲೆಯೇ ಆವಿಯಾಯಿತು. ಅದೇ ಕಣದ ಚೆರಿಯ ಮಾದರಿಯನ್ನು ಬೇರೆ ಕ್ಯೂರಿಂಗ್ ವರ್ಕ್ಸಿಗೆ ಒಯ್ದು ತೋರಿಸಿದೆ, 26 ಬಂತು. ಕಾಗದ ಹಿಡಿದು ಜಗಳಕ್ಕೆ ಹೋದೆ. ಅವರು ಶಾಂತವಾಗಿ ಕರಾರಿನ ಹನ್ನೊಂದನೆಯ ಕಲಮನ್ನು ತೋರಿಸಿದರು: "ಕೇಂದ್ರದ ನಿರ್ಣಯವೇ ಅಂತಿಮ." ಕೆಳಗೆ ನನ್ನದೇ ಸಹಿ.

ಮನೆಗೆ ಬಂದಾಗ ನಮ್ಮ ತಾಯಿ ಕೇಳಿದ್ದು ಒಂದೇ ಮಾತು: "ಅಲ್ಲೋ, ಚೇಣಿ ಪತ್ರಕ್ಕೆ ಅಪ್ಪ ಊರಿನ ನಾಲ್ಕು ಜನರನ್ನು ಕೂರಿಸುತ್ತಿದ್ದರಲ್ಲ, ನೀನು ಯಾರನ್ನು ಕೂರಿಸಿದ್ದೆ?" ಉತ್ತರ ಕೊಡಲಾಗಲಿಲ್ಲ. ಈಗಿನ ಕರಡಿನಲ್ಲಿಯೂ ಅದೇ ಮಾತು ಬೇರೆ ಅಂಕೆಯ ಕಲಮಿನಲ್ಲಿ ಕುಳಿತಿದೆ. ಮೇಲಿನ 340ರ ದರದಲ್ಲಿ ಮೂಟೆಗೆ ಎರಡು ಕಿಲೋ ಹೋದರೆ 680 ರೂಪಾಯಿ. ನೂರು ಮೂಟೆಗೆ 68,000. ಒಂದು ಸಣ್ಣ ಕುಟುಂಬದ ಮಗುವಿನ ಒಂದು ವರ್ಷದ ಕಾಲೇಜು ಖರ್ಚು ಒಂದು ಸಾಲಿನಲ್ಲಿ ಹೋಗಬಲ್ಲದು.

ಸಭೆಗೆ ಬರುವ ಮೊದಲು

ಪ್ರತಿಯೊಬ್ಬ ಸದಸ್ಯರೂ ಕರಡನ್ನು ಕಚೇರಿಯಲ್ಲಿ ಕೇಳಿ ಓದಿರಿ. ಕನ್ನಡ ಅನುವಾದವನ್ನು ಮಾಡಿಸಿಟ್ಟಿದ್ದೇವೆ. ಓದುವಾಗ ಈ ಪ್ರಶ್ನೆಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಿರಿ.

1. ಅವರು ಕೊಡುವ ಮುಂಗಡ ಸಾಲವೇ, ಬೆಲೆಯ ಭಾಗವೇ, ಸಹಾಯವೇ? ಬಡ್ಡಿ ಎಲ್ಲಿ ಅಡಗಿದೆ?

2. ನಡುವಿನ ಏಜೆಂಟರಿಗೆ ಯಾರಿಂದ ಎಷ್ಟು ಸಲ್ಲುತ್ತದೆ?

3. ತೂಕ ಮತ್ತು ಒ.ಟಿ.ಯನ್ನು ಯಾರು ನೋಡುತ್ತಾರೆ? ಒಪ್ಪದಿದ್ದರೆ ಮೂರನೆಯವರ ಪರೀಕ್ಷೆಗೆ ಅವಕಾಶವಿದೆಯೇ?

4. ದರ ನಿಲ್ಲಿಸುವ ದಿನವನ್ನು ಯಾರು ಆರಿಸುತ್ತಾರೆ?

5. ತೋಟದ ನಕ್ಷೆ ಮತ್ತು ಮಾಹಿತಿ ಯಾರ ಸ್ವತ್ತು?

6. ಸರ್ಕಾರದ ಆದೇಶದಿಂದ ವ್ಯಾಪಾರ ನಿಂತರೆ ನಷ್ಟ ಯಾರದು?

7. ಹತ್ತು ವರ್ಷದ ನಡುವೆ ನಾವು ಬಿಡಬಹುದೇ? ಅವರು ಬಿಟ್ಟುಹೋದರೆ ಕಣ, ಪಲ್ಪರ್ ಯಾರಿಗೆ ಉಳಿಯುತ್ತವೆ?

8. ಒಬ್ಬೊಬ್ಬರಾಗಿ ಸಹಿ ಮಾಡಬೇಕೇ, ಸಂಘವೇ ಒಂದು ಪಕ್ಷವಾಗಿ ಮಾಡಬಹುದೇ?

ಇವುಗಳಿಗೆ ಸಮಾಧಾನಕರ ಉತ್ತರ ಬರೆದುಕೊಟ್ಟರೆ ಹೊರನಾಡಿನ ಹಣವೆಂದು ಹೆದರಬೇಕಾಗಿಲ್ಲ. ಶಿವನಸಮುದ್ರದ ಯಂತ್ರಗಳೂ ಹೊರನಾಡಿನವೇ. ಉತ್ತರ ಬಾರದಿದ್ದರೆ ಸಹಿಗೆ ಅವಸರವೂ ಬೇಕಾಗಿಲ್ಲ; ಕಾಫಿ ಗಿಡ ಎಲ್ಲಿಗೂ ಓಡಿಹೋಗುವುದಿಲ್ಲ.

ಲಿಂಗಸುಗೂರಿನಿಂದ ಹಿಂದಿರುಗುವಾಗ ಮೇಸ್ತ್ರಿ ಬಸ್ ನಿಲ್ದಾಣದವರೆಗೆ ಬಂದಿದ್ದ. ಕರಾರಿನ ವಿಷಯ ಅವನಿಗೂ ಗೊತ್ತಾಗಿತ್ತು. "ಕರಾರು ಆದ್ರ ನಮ್ಮ ಕೊಯ್ಲಿನ ಕೂಲಿ ಯಾರು ಕೊಡ್ತಾರ್ರಿ, ನೀವೋ ಅವ್ರೋ?" ಎಂದು ಕೇಳಿದ. ಆ ಪ್ರಶ್ನೆ ನಮ್ಮ ಎಂಟು ಪ್ರಶ್ನೆಗಳಲ್ಲಿ ಇರಲಿಲ್ಲ. ಈಗ ಒಂಬತ್ತನೆಯದಾಗಿ ಸೇರಿಸಿದ್ದೇನೆ. ನಮಗೆ ಸಿಗುವ ದರ ಕುಗ್ಗಿದರೆ ಮೊದಲು ಕುಗ್ಗುವುದು ಅವನ ಕೂಲಿಯೇ ಎಂಬುದನ್ನು ಸಭೆ ಮರೆಯಬಾರದು.

ಎರಡನೇ ಭಾನುವಾರ ಬೆಳಿಗ್ಗೆ 10 ಗಂಟೆಗೆ ಸಂಘದ ಸಭಾಂಗಣದಲ್ಲಿ ಸೇರೋಣ. ಮನೆಯ ಹೆಣ್ಣುಮಕ್ಕಳೂ ಬರಬೇಕೆಂದು ವಿನಂತಿ. ಲೆಕ್ಕವನ್ನು ಗಟ್ಟಿಯಾಗಿ ಹಿಡಿಯುವವರು ಹೆಚ್ಚಿನ ಮನೆಗಳಲ್ಲಿ ಅವರೇ.

ನಿಮ್ಮ,
ಕಾರ್ಯದರ್ಶಿ